ಬಕ-ಮತ್ಸ್ಯ ಛಾಯಾಗ್ರಹಣ ಮೀಮಾಂಸೆ

ಪೀಠಿಕೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿ ಮುಗಿಸಬೇಕೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಅದರಂತೆ ಪ್ರಸ್ತುತ ಪ್ರಬಂಧದ ವಿಷಯ: ಬಕಪಕ್ಷಿಯು ಮೀನನ್ನು ಹಿಡಿದು ನುಂಗುವ ಕ್ರಿಯೆ ಮತ್ತು ಆ ಕ್ರಿಯೆಯ ಫೋಟೋ. ಪ್ರಯೋಜನ: ಪಕ್ಷಿಗೆ ಹೊಟ್ಟೆ ತುಂಬುವುದು, ಛಾಯಾಗ್ರಾಹಕನಿಗೆ ಲೈಕು ಬರುವುದು. ಮೀನಿಗೆ ಯಾವ ಪ್ರಯೋಜನವೂ ಕಂಡುಬಾರದ್ದರಿಂದ ಅದನ್ನು ಸಹಕರಿಸಿದವರ ಪಟ್ಟಿಯಲ್ಲಿ ಸೇರಿಸಿ ಕೃತಜ್ಞತೆ ಸಲ್ಲಿಸಲಾಗಿದೆ. ಸಂಬಂಧ: ಪಕ್ಷಿಗೂ ಮೀನಿಗೂ ಇರುವುದು ಭೋಕ್ತೃ-ಭೋಜ್ಯ ಸಂಬಂಧ, ಛಾಯಾಗ್ರಾಹಕನಿಗೂ ಪಕ್ಷಿಗೂ ಇರುವುದು ಏಕಪಕ್ಷೀಯ ಸಂಬಂಧ. ಛಾಯಾಗ್ರಾಹಕನಿಗೂ ಅವನ ಮನೆಯವರಿಗೂ ಇರುವ ಸಂಬಂಧವು, ಲೆನ್ಸಿನ ಬಿಲ್ಲು ಸಿಕ್ಕಿಬಿದ್ದ ದಿನದಿಂದ, ಈ ಪ್ರಬಂಧದ ವ್ಯಾಪ್ತಿಗೆ ಹೊರಗಾಗಿದೆ. ಇನ್ನು ಅಧಿಕಾರಿ: ಕೋಳಿ ಕೂಗುವ ಮೊದಲೇ ಏಳಬಲ್ಲವನು, ಕೆರೆಯಂಚಿನ ಕೆಸರಿನಲ್ಲಿ ಬೋರಲು ಮಲಗಬಲ್ಲವನು, ಸೊಳ್ಳೆ ಕಚ್ಚಿದಾಗ ಕೈಯೆತ್ತದವನು, ಪಕ್ಕದವನಿಗೆ ಒಳ್ಳೆಯ ಚಿತ್ರ ಸಿಕ್ಕಾಗ ನಗಬಲ್ಲವನು. ಕೊನೆಯ ಲಕ್ಷಣವುಳ್ಳವರು ದೊರಕುವುದು ದುರ್ಲಭವಾದ ಕಾರಣ ಅದನ್ನು ಐಚ್ಛಿಕವೆಂದು ಪರಿಗಣಿಸಬಹುದು.

ಸಂಶಯ

ಇಂಥ ಅಧಿಕಾರಿಯೊಬ್ಬನ ಮೆಮೊರಿ ಕಾರ್ಡನ್ನು ತೆರೆದು ನೋಡಿದರೆ ಗಂಭೀರವಾದ ತಾತ್ತ್ವಿಕ ಸಮಸ್ಯೆಯೊಂದು ಎದುರಾಗುತ್ತದೆ. ಮೊದಲ ನೂರಾರು ಚಿತ್ರಗಳಲ್ಲಿ ಬಕ ನೀರನ್ನು ನೋಡುತ್ತಿದೆ. ಅನಂತರದ ಒಂದು ಚಿತ್ರದಲ್ಲಿ ನೀರು ಎದ್ದಿದೆ, ಬಕಕ್ಕೆ ತಲೆಯಿಲ್ಲ. ಆಮೇಲಿನದರಲ್ಲಿ ಫೋಕಸ್ಸು ಹಿಂದಿನ ಜೊಂಡಿನ ಮೇಲಿದೆ. ಕೊನೆಯದರಲ್ಲಿ ಬಕ ಮತ್ತೆ ನೀರನ್ನು ನೋಡುತ್ತಿದೆ. ಕತ್ತು ಮಾತ್ರ ಕೊಂಚ ದಪ್ಪಗಿದೆ. ಹಾಗಾದರೆ ಕೊಕ್ಕಿನಲ್ಲಿ ಮೀನಿದ್ದ ಕ್ಷಣವೆಂಬುದು ಇತ್ತೆ? ಇತ್ತೆಂದರೆ ಯಾವ ಪ್ರಮಾಣದಿಂದ ಸಿದ್ಧ? ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿರುವ ಪ್ರಮಾಣಗಳು ಆರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪುವವರಾದ್ದರಿಂದ ಅವರ ಪೈಕಿ ಯಾರೂ ಪಕ್ಷಿ ಛಾಯಾಗ್ರಾಹಕರಾಗಿರಲಾರರು.

ಪಕ್ಷಿಲಕ್ಷಣ

ಕಾಲು ಉದ್ದವಿದ್ದದ್ದನ್ನೆಲ್ಲ ಕೊಕ್ಕರೆ ಎಂದು ಕರೆದು ಕೈತೊಳೆದುಕೊಳ್ಳುವುದು ಲೋಕರೂಢಿ. ಶಾಸ್ತ್ರಕ್ಕೆ ಅಷ್ಟು ಸಾಲದು. ನಮ್ಮ ಮುಖ್ಯ ಪಾತ್ರ ಬೂದು ಬಕ. ನಿಂತರೆ ಸುಮಾರು ಒಂದು ಮೀಟರ್ ಎತ್ತರ, ಹೆಚ್ಚೆಂದರೆ ಸುಮಾರು ಎರಡು ಕಿಲೋ ತೂಕ, ನಿವೃತ್ತ ಹೆಡ್‌ಮಾಸ್ತರರ ಮುಖಭಾವ. 1758ರಲ್ಲಿ ಲಿನೇಯಸ್ ಇದಕ್ಕೆ ಆರ್ಡಿಯಾ ಸಿನೇರಿಯಾ ಎಂದು ನಾಮಕರಣ ಮಾಡಿದ. ಹಕ್ಕಿ ಅದನ್ನು ಇನ್ನೂ ಗಮನಕ್ಕೆ ತಂದುಕೊಂಡಿಲ್ಲ. ಉಪಪಾತ್ರಗಳು ಎರಡು. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದದ ಸಣ್ಣ ಬೆಳ್ಳಕ್ಕಿ. ಇದು ಪಾದದಿಂದ ಕೆಸರು ಕಲಕಿ ಮೀನನ್ನು ಎಬ್ಬಿಸುತ್ತದೆ. ಕೂತಾಗ ಕೆಸರಿನ ಮುದ್ದೆಯಾಗಿದ್ದು ಹಾರಿದಾಗ ಇದ್ದಕ್ಕಿದ್ದಂತೆ ಬೆಳ್ಳಗಾಗುವ ಕೊಳದ ಬಕ. ಇದು ಇದ್ದದ್ದು ಗೊತ್ತಾಗುವುದೇ ಹೋದಮೇಲೆ. ದನಗಳ ಹಿಂದೆ ಅಲೆಯುತ್ತ ಹುಳು ಹೆಕ್ಕುವ ಗೋವಕ್ಕಿಯನ್ನೂ ಬಸವನಹುಳುವಿನಲ್ಲೇ ತೃಪ್ತಿಪಡುವ ಬಾಯ್ಕಳಕವನ್ನೂ ವಿಷಯಾಂತರದ ಆರೋಪದ ಮೇಲೆ ಕೈಬಿಡಲಾಗಿದೆ.

ಬಕದ ಸಮಸ್ತ ಸಾಮರ್ಥ್ಯವೂ ಕತ್ತಿನಲ್ಲಿದೆ. ಅಲ್ಲಿನ ಆರನೆಯ ಕಶೇರುಮಣಿ ಉಳಿದವಕ್ಕಿಂತ ಬೇರೆ ರೀತಿಯದು. ಹಾಗಾಗಿ ಕತ್ತು ಅಲ್ಲಿ ಮಡಚಿ ನಿಲ್ಲುತ್ತದೆ, ಬಿಟ್ಟಾಗ ಈಟಿಯಂತೆ ಹೋಗುತ್ತದೆ. ಛಾಯಾಗ್ರಾಹಕನ ಕತ್ತಿನಲ್ಲಿ ಇರುವುದು ಏಳೇ ಮಣಿ. ಬೆಳಗಿನಿಂದ ವ್ಯೂಫೈಂಡರಿಗೆ ಕಣ್ಣು ಒತ್ತಿಕೊಂಡಿದ್ದರೆ ಅವು ಏಳೂ ತಾವಿರುವುದನ್ನು ಒಂದೊಂದಾಗಿ ತಿಳಿಸುತ್ತವೆ.

ಪೂರ್ವಸೂರಿಗಳು

ಈ ಶಾಸ್ತ್ರದ ಆದಿಪುರುಷ ಫ್ರಾನ್ಸಿನ ಎತಿಯೆನ್-ಜೂಲ್ ಮರೇ. 1882ರಲ್ಲಿ ಆತ ಕೋವಿಯ ಆಕಾರದ ಕ್ಯಾಮೆರಾ ಮಾಡಿ, ಸೆಕೆಂಡಿಗೆ 12 ಚಿತ್ರದಂತೆ ಹಾರುವ ಹಕ್ಕಿಗಳನ್ನು ಹಿಡಿದ. ಗುರಿಯಿಟ್ಟು ಕುದುರೆ ಎಳೆದ ಮೇಲೂ ಹಕ್ಕಿ ಹಾರುತ್ತಲೇ ಇದ್ದದ್ದು ಕೋವಿಗಳ ಚರಿತ್ರೆಯಲ್ಲಿ ಹೊಸದು. ಆನಂತರ ಇಂಗ್ಲೆಂಡಿನ ಕೀರ್ಟನ್ ಸಹೋದರರು ಟೊಳ್ಳಾದ ಎತ್ತಿನ ಬೊಂಬೆಯೊಳಗೆ ಕ್ಯಾಮೆರಾ ಸಮೇತ ಅಡಗಿ ಹಕ್ಕಿಗಳ ಹತ್ತಿರ ಹೋದರು. ಈ ಉಪಾಯ ನಮ್ಮ ಕೆರೆಗಳಲ್ಲಿ ನಡೆಯದು. ಎತ್ತು ಕಂಡೊಡನೆ ಗೋವಕ್ಕಿ ಬಂದು ಬೆನ್ನ ಮೇಲೆ ಕೂರುತ್ತದೆ. ಹತ್ತಿರ ಬಂದ ಹಕ್ಕಿಯ ಫೋಟೋ ತೆಗೆಯಲು ಇನ್ನೊಂದು ಎತ್ತು ಬೇಕಾಗುತ್ತದೆ.

ಕ್ಷೇತ್ರಮಹಾತ್ಮೆ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಇಲ್ಲಿ ಕಾವೇರಿ ಹರಿಯುತ್ತದೆ, ದೋಣಿ ತೂಗುತ್ತದೆ, ದೋಣಿಯೊಳಗೆ ಯಾರಾದರೊಬ್ಬರು ಸೆಲ್ಫಿಗಾಗಿ ಎದ್ದು ನಿಲ್ಲುತ್ತಾರೆ. ಮೂರೂ ಚಲನೆಗಳು ಕೂಡಿ ಕೊಡುವ ಚಿತ್ರವನ್ನು ವಿಮರ್ಶಕರು ನವ್ಯವೆಂದು ಸ್ವಾಗತಿಸಬಹುದು. ಇಳಿದು ಹತ್ತಿರ ಹೋಗೋಣವೆಂದರೆ ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿವೆ. ಪಕ್ಷಿಗಳಿಗೂ ಛಾಯಾಗ್ರಾಹಕರಿಗೂ ನಡುವೆ ಕನಿಷ್ಠ ಅಂತರವನ್ನು ಇಷ್ಟು ಪರಿಣಾಮಕಾರಿಯಾಗಿ ಕಾಯುವ ಸಿಬ್ಬಂದಿ ಬೇರೆಲ್ಲೂ ಇರಲಾರರು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬಾಣಂತಿಯ ಮನೆಯ ಜಗಲಿಯಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಬೆಳಗಿನಿಂದ ಸಂಜೆಯವರೆಗೆ ಒಳಗೆ ಇಣುಕುವವನನ್ನು ಊರು ಸಹಿಸಿಕೊಂಡಿದೆಯೆಂದರೆ, ಪಕ್ಷಿಪ್ರೇಮದ ಪಾಠ ಕಲಿಯಬೇಕಾದವರು ಯಾರೆಂಬುದು ಸ್ಪಷ್ಟ.

1. ಪ್ರತ್ಯಕ್ಷ ವಿಚಾರ

ಪ್ರತ್ಯಕ್ಷವೆಂದರೆ ಇಂದ್ರಿಯಕ್ಕೂ ವಸ್ತುವಿಗೂ ನೇರ ಸಂಪರ್ಕ. ಇಲ್ಲಿ ಮೂರು ತೊಡಕುಗಳಿವೆ.

ಒಂದನೆಯದು ಕಾಲದ ತೊಡಕು. ಕಣ್ಣು ಕಂಡದ್ದು ಮಿದುಳಿಗೆ ತಲುಪಿ ಬೆರಳಿಗೆ ಅಪ್ಪಣೆಯಾಗಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಬಣ್ಣದ ಕೊಕ್ಕರೆಯ ಅಮೆರಿಕದ ದಾಯಾದಿ ವುಡ್ ಸ್ಟಾರ್ಕ್ ಕಣ್ಣನ್ನು ನಂಬುವುದೇ ಇಲ್ಲ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಇಟ್ಟುಕೊಂಡು, ಮೀನು ತಾಕಿದೊಡನೆ ಮುಚ್ಚುತ್ತದೆ. ಹಾಗೆ ಮುಚ್ಚಲು ಅದಕ್ಕೆ ಬೇಕಾದದ್ದು ಸೆಕೆಂಡಿನ ನಲವತ್ತನೆಯ ಒಂದು ಭಾಗವೆಂದು 1960ರ ದಶಕದಲ್ಲೇ ಅಳೆದಿದ್ದಾರೆ. ಸೆಕೆಂಡಿಗೆ 20 ಚಿತ್ರ ತೆಗೆಯುವ ಇಂದಿನ ಕ್ಯಾಮೆರಾದ ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಅಂಥ ಕೊಕ್ಕು ಎರಡು ಸಲ ಮುಚ್ಚಿಕೊಳ್ಳಬಹುದು. ಹೀಗೆ ಒಂದು ಇಡೀ ಊಟ ಎರಡು ಸಾಕ್ಷ್ಯಗಳ ಸಂದಿಯಲ್ಲಿ ನಡೆದುಹೋಗುವ ವಿದ್ಯಮಾನ ಸರ್ಕಾರಿ ಕಾಮಗಾರಿಗಳ ತನಿಖೆಯಲ್ಲಿ ಮಾತ್ರ ಈ ಹಿಂದೆ ವರದಿಯಾಗಿತ್ತು.

ಎರಡನೆಯದು ನೀರಿನ ತೊಡಕು. ನೀರಿನ ವಕ್ರೀಭವನ ಸೂಚ್ಯಂಕ 1.33. ಅದರಿಂದಾಗಿ 20 ಸೆಂಟಿಮೀಟರ್ ಆಳದಲ್ಲಿರುವ ಮೀನು ಮೇಲಿನಿಂದ ನೋಡಿದವರಿಗೆ 15ರಲ್ಲೇ ಇದ್ದಂತೆ ತೋರುತ್ತದೆ. ಓರೆಯಿಂದ ನೋಡಿದರೆ ಮೋಸ ಇನ್ನೂ ಹೆಚ್ಚು. ಬಕ ಈ ಮಾಯೆಯನ್ನು ಲೆಕ್ಕಹಾಕಿಯೇ ಕುಕ್ಕುತ್ತದೆ. ಮರಿಬಕಗಳು ಕಲಿಯುವವರೆಗೆ ತಪ್ಪುತ್ತವೆ, ಉಪವಾಸವಿರುತ್ತವೆ, ಮತ್ತೆ ಕಲಿಯುತ್ತವೆ. ಹೀಗೆ ಪಠ್ಯ, ಪರೀಕ್ಷೆ, ಫಲಿತಾಂಶ ಮೂರೂ ಒಂದೇ ಕಡೆ ಇರುವ ವಿದ್ಯಾಸಂಸ್ಥೆ ಇದೊಂದೇ. ಮೀನಿಗೂ ತನ್ನದೇ ಪ್ರತ್ಯಕ್ಷವಿದೆ. ನೀರಿನೊಳಗಿನಿಂದ ನೋಡಿದರೆ ಹೊರಗಿನ ಲೋಕವೆಲ್ಲ ಸುಮಾರು 97 ಡಿಗ್ರಿಯ ದುಂಡು ಕಿಟಕಿಯೊಂದರಲ್ಲಿ ಮುದುಡಿಕೊಂಡು ಕಾಣುತ್ತದೆ. ಆಕಾಶ, ಬಕ, ದಡ, ದಡದಲ್ಲಿ ಮಲಗಿದ ಛಾಯಾಗ್ರಾಹಕ ಎಲ್ಲರೂ ಅದರಲ್ಲಿ ಅಡಕ. ಅಂದರೆ ಘಟನೆಯನ್ನು ಆದ್ಯಂತ ಕಂಡ ಏಕೈಕ ಸಾಕ್ಷಿ ಮೀನು. ಹೇಳಿಕೆ ದಾಖಲಿಸಿಕೊಳ್ಳುವಷ್ಟರಲ್ಲಿ ಸಾಕ್ಷಿ ನಾಶವಾಗಿರುತ್ತದೆ.

ಮೂರನೆಯದು ಯಂತ್ರದ ತೊಡಕು. ಇದೇ ಎಲ್ಲಕ್ಕಿಂತ ಗಹನ. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ ಚಿತ್ರ ಮೂಡುವ ಗಳಿಗೆಗೆ ಸರಿಯಾಗಿ ಕನ್ನಡಿ ಮೇಲೆದ್ದು ವ್ಯೂಫೈಂಡರು ಕತ್ತಲಾಗುತ್ತದೆ. ಎಂದರೆ, ಕಂಡ ಕ್ಷಣದ ಚಿತ್ರವಿಲ್ಲ, ಚಿತ್ರವಿರುವ ಕ್ಷಣ ಕಂಡಿಲ್ಲ. ಹೊಸ ಕ್ಯಾಮೆರಾಗಳಲ್ಲಿ ಕನ್ನಡಿಯಿಲ್ಲ. ಬದಲಿಗೆ ಪ್ರೀ-ಕ್ಯಾಪ್ಚರ್ ಎಂಬ ಸಿದ್ಧಿಯಿದೆ: ಗುಂಡಿಯನ್ನು ಅರ್ಧ ಒತ್ತಿ ಹಿಡಿದಿದ್ದರೆ ಸಾಕು, ಪೂರ್ತಿ ಒತ್ತುವುದಕ್ಕೆ ಮುಂಚಿನ ಕ್ಷಣಗಳನ್ನೂ ಅದು ಉಳಿಸಿಕೊಡುತ್ತದೆ. ಕರ್ಮಕ್ಕೆ ಮೊದಲೇ ಫಲ! ಸಂಚಿತ, ಪ್ರಾರಬ್ಧ, ಆಗಾಮಿ ಎಂಬ ಮೂರು ವಿಭಾಗಗಳಲ್ಲಿ ಇದನ್ನು ಎಲ್ಲಿ ಸೇರಿಸಬೇಕೆಂದು ಕಂಪನಿಯ ಕೈಪಿಡಿ ತಿಳಿಸುವುದಿಲ್ಲ. ಹೀಗೆ ಬಂದ ಚಿತ್ರವನ್ನು ಮನೆಯಲ್ಲಿ ಕಂಪ್ಯೂಟರಿನ ಮೇಲೆ ಕಂಡು, ‘ಅರೆ, ಮೀನು ಹಿಡಿದಿತ್ತಲ್ಲ!’ ಎಂದು ಬೆರಗಾಗುವವನು ಆ ಚಿತ್ರದ ಕರ್ತೃವೋ ಪ್ರೇಕ್ಷಕನೋ? ಕೆಳಗೆ ಮೂಲೆಯಲ್ಲಿ ತನ್ನ ಹೆಸರು ಹಾಕಿಕೊಳ್ಳುವುದರಿಂದ ಕರ್ತೃವೆಂದೇ ಭಾವಿಸತಕ್ಕದ್ದು.

2. ಅನುಮಾನ ವಿಚಾರ

ಹೊಗೆಯಿದ್ದಲ್ಲಿ ಬೆಂಕಿ, ಕತ್ತು ಉಬ್ಬಿದ್ದಲ್ಲಿ ಮೀನು. ಈ ಮಾರ್ಗದ ಪ್ರಥಮ ಪಂಡಿತ ಪಂಚತಂತ್ರದ ಏಡಿ. ಕೊಳ ಬತ್ತುವುದೆಂದು ಹೆದರಿಸಿ ಮೀನುಗಳನ್ನು ಒಂದೊಂದಾಗಿ ಹೊತ್ತೊಯ್ದು ತಿನ್ನುತ್ತಿದ್ದ ಬಕದ ಮೋಸವನ್ನು ಏಡಿ ಅರಿತದ್ದು ಬಂಡೆಯ ಮೇಲಿನ ಮೂಳೆರಾಶಿಯಿಂದ. ಸಾವಿರ ವರ್ಷದ ಹಿಂದೆ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಾಗಿನಿಂದ ನಾವು ಏಡಿಯ ಪಕ್ಷದಲ್ಲೇ ಇದ್ದೇವೆ. ಆದರೆ ಸತ್ಯಶೋಧನೆಗೆ ದಾಕ್ಷಿಣ್ಯವಿಲ್ಲ. ಬಕ ಮೀನನ್ನು ಇಡಿಯಾಗಿ ನುಂಗುತ್ತದೆ. ಅದರ ಜಠರದ ಆಮ್ಲ ಮೀನಿನ ಮೂಳೆಯನ್ನೂ ಕರಗಿಸಿಬಿಡುತ್ತದೆ. ಇಲಿ ತಿಂದಾಗಿನ ಕೂದಲಿನ ಉಂಡೆ ಹೊರಬಂದೀತೇ ಹೊರತು ಮೀನುಮೂಳೆಯ ರಾಶಿ ಬೀಳುವ ಸಂಭವವಿಲ್ಲ. ಆದಕಾರಣ ಬಂಡೆಯ ಮೇಲಿನ ಮೂಳೆಗಳು ಬೇರಾರದೋ ಊಟದವು. ಏಡಿಯು ದುರ್ಬಲ ಹೇತುವನ್ನು ಆಧರಿಸಿ ಆರೋಪಿಯ ಕತ್ತು ಕತ್ತರಿಸಿತು. ಮೇಲ್ಮನವಿಗೆ ಕಾಲ ಮೀರಿದೆ.

3. ಉಪಮಾನ ವಿಚಾರ

‘ಹಸುವಿನಂತಿರುವುದು ಗವಯ’ ಎಂದು ಕೇಳಿಸಿಕೊಂಡವನು ಕಾಡಿನಲ್ಲಿ ಗವಯವನ್ನು ಗುರುತಿಸಿದಂತೆ ಎಂಬುದು ಇಲ್ಲಿನ ಸಾಂಪ್ರದಾಯಿಕ ಉದಾಹರಣೆ. ಪಕ್ಷಿ ಛಾಯಾಗ್ರಹಣದಲ್ಲಿ ಇದು ತಿರುವುಮುರುವು. ಯಂತ್ರ ಇಡೀ ಲೋಕವನ್ನು ನಡುಬೂದಿಗೆ ಹೋಲಿಸಿ ಬೆಳಕು ಅಳೆಯುತ್ತದೆ. ಚೌಕಟ್ಟು ತುಂಬ ಬೆಳ್ಳಕ್ಕಿಯಿದ್ದರೆ ಅದನ್ನು ಬೂದಿಗೆ ಇಳಿಸುತ್ತದೆ. ಕಪ್ಪು ನೀರಿನ ನಡುವೆ ಸಣ್ಣಗೆ ಇದ್ದರೆ ನೀರನ್ನು ಬೂದಿಗೆ ಏರಿಸಹೋಗಿ ಹಕ್ಕಿಯ ಗರಿಗಳನ್ನು ಸುಣ್ಣವಾಗಿಸುತ್ತದೆ. ಮೊದಲನೆಯದಕ್ಕೆ ಕೂಡುವುದು, ಎರಡನೆಯದಕ್ಕೆ ಕಳೆಯುವುದು ಪರಿಹಾರ. ಯಾವುದಕ್ಕೆ ಯಾವುದು ಎಂಬುದು ಹಕ್ಕಿ ಹಾರಿಹೋದ ತಕ್ಷಣ ನೆನಪಾಗುತ್ತದೆ.

4. ಅರ್ಥಾಪತ್ತಿ ವಿಚಾರ

ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ; ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಬಕವೂ ದಪ್ಪಗಿದೆ, ಫೋಟೋದಲ್ಲಿ ಉಣ್ಣುವುದಿಲ್ಲ. ಆದ್ದರಿಂದ ಬ್ಯಾಟರಿ ಬದಲಾಯಿಸುವಾಗ ಉಣ್ಣುತ್ತದೆ. ಇದಕ್ಕಿಂತ ದೃಢವಾದ ನಿಗಮನ ಈ ಶಾಸ್ತ್ರದಲ್ಲಿಲ್ಲ. ಬ್ಯಾಟರಿಯಲ್ಲದೆ ಲೆನ್ಸ್ ಒರೆಸುವಾಗ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುವಾಗ, ಪಕ್ಕದವನು ‘ಅಲ್ನೋಡಿ ಮಿಂಚುಳ್ಳಿ’ ಎಂದಾಗ ಎಂಬ ಅವಾಂತರ ಭೇದಗಳೂ ಉಂಟು.

5. ಅನುಪಲಬ್ಧಿ ವಿಚಾರ

ಮೇಜಿನ ಮೇಲೆ ಗಡಿಗೆ ಕಾಣದಿರುವುದೇ ಗಡಿಗೆಯಿಲ್ಲ ಎಂಬುದಕ್ಕೆ ಪ್ರಮಾಣ. ಚಿತ್ರದಲ್ಲಿ ಮೀನು ಕಾಣದಿರುವುದು ಮೀನಿಲ್ಲವೆಂಬುದಕ್ಕೆ ಪ್ರಮಾಣವೇ? ಅಲ್ಲ. 15 ಮೀಟರ್ ದೂರದ ಬಕಕ್ಕೆ 600 ಮಿಲಿಮೀಟರ್ ಲೆನ್ಸನ್ನು ಎಫ್-4ರಲ್ಲಿ ಹಿಡಿದಾಗ ಸ್ಪಷ್ಟವಾಗಿ ಮೂಡುವ ಆಳ ಒಂದು ಗೇಣೂ ಇಲ್ಲ. ಬಕ ಕ್ಯಾಮೆರಾದತ್ತ ಮುಖ ಮಾಡಿ ಕತ್ತು ಚಾಚಿತೆಂದರೆ ಕಣ್ಣು ಗೇಣಿನ ಒಳಗೆ, ಮೀನು ಹೊರಗೆ. ಆಗ ಮೀನಿಗೆ ಇದೆ-ಇಲ್ಲಗಳೆರಡೂ ಅಲ್ಲದ ಅನಿರ್ವಚನೀಯ ಸ್ಥಿತಿ ಒದಗುತ್ತದೆ. ಇದನ್ನೇ ಕೆಲವರು ಬೊಕೆ ಎಂದು ಕರೆದು ಮೆಚ್ಚುತ್ತಾರೆ.

ನುಂಗುವ ಪ್ರಕರಣ

ಹಿಡಿಯುವುದಕ್ಕೆ ಹೋಲಿಸಿದರೆ ನುಂಗುವುದು ನಿಧಾನದ ಕೆಲಸ. ಬದುಕಿನಲ್ಲಿ ಏನನ್ನೂ ಸಾಧಿಸದ ಛಾಯಾಗ್ರಾಹಕನಿಗೂ ಇಲ್ಲೊಂದು ಅವಕಾಶವಿದೆ. ಅಡ್ಡ ಹಿಡಿದ ಮೀನನ್ನು ಬಕ ಕೊಕ್ಕಿನಲ್ಲೇ ಹೊರಳಿಸಿ, ತಲೆ ಮೊದಲು ಒಳಹೋಗುವಂತೆ ಸರಿಪಡಿಸಿಕೊಳ್ಳುತ್ತದೆ. ಇದು ಮೀನಿಗೆ ಸಲ್ಲಿಸುವ ಗೌರವವಲ್ಲ. ತಲೆಯಿಂದ ಹೋದರೆ ಬೆನ್ನಿನ ಮುಳ್ಳುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಬಾಲದಿಂದ ಹೋದರೆ ಗಂಟಲಲ್ಲಿ ಕೊಡೆಯಂತೆ ಬಿಚ್ಚಿಕೊಳ್ಳುತ್ತವೆ. ನಮ್ಮ ಕೆರೆಗಳಲ್ಲಿ ಈಗ ತುಂಬಿರುವ ಜಿಲೇಬಿ ಮೀನು, ಅರ್ಥಾತ್ ತಿಲಾಪಿಯಾ, ಆಫ್ರಿಕಾ ಮೂಲದ್ದು. 1952ರಲ್ಲಿ ಭಾರತಕ್ಕೆ ತಂದದ್ದು. ಮುಳ್ಳು ಮಡಚುವ ವಿಧಿಯನ್ನು ಬಕ ಅದಕ್ಕೂ ತಪ್ಪದೆ ಅನ್ವಯಿಸಿತು.

ಈ ಪ್ರಕರಣದಲ್ಲಿ ಮೂರು ಅವಸ್ಥೆಗಳಿವೆ. ಮೂವರು ಆಚಾರ್ಯರ ಕ್ಷಮೆ ಕೋರಿ ಹೇಳುವುದಾದರೆ, ಮೀನು ಕೊಕ್ಕಿನಲ್ಲಿರುವಾಗ ದ್ವೈತ: ತಿನ್ನುವವ ಬೇರೆ, ತಿನಿಸು ಬೇರೆ, ಭೇದ ನಿತ್ಯಸತ್ಯ. ಬಾಲವಷ್ಟೇ ಹೊರಗಿರುವಾಗ ವಿಶಿಷ್ಟಾದ್ವೈತ: ಎರಡೂ ಉಂಟು, ಆದರೆ ಒಂದು ಇನ್ನೊಂದರ ಅಂಗ. ಕತ್ತಿನ ಉಬ್ಬು ಇಳಿದು ಬಕ ಒಂದು ಗುಟುಕು ನೀರು ಕುಡಿಯಿತೆಂದರೆ ಅದ್ವೈತ. ಬಹುಮಾನ ಬರುವುದು ದ್ವೈತದ ಚಿತ್ರಗಳಿಗೆ; ಹೆಚ್ಚಿನವರ ಬಳಿ ಇರುವುದು ಅದ್ವೈತದ ಚಿತ್ರಗಳು.

ಪೂರ್ವಪಕ್ಷ ನಿರಾಕರಣ

ಇಲ್ಲಿ ಒಂದು ಬಣದವರು ಆಕ್ಷೇಪ ತರುತ್ತಾರೆ: ‘ಇಷ್ಟೆಲ್ಲ ಕಾಯುವುದೇಕೆ? ಮಾರುಕಟ್ಟೆಯಿಂದ ಜೀವಂತ ಮೀನು ತಂದು ಬೋಗುಣಿಯಲ್ಲಿ ಬಿಟ್ಟು, ಬೋಗುಣಿಯನ್ನು ನೀರಿನಂಚಿನಲ್ಲಿ ಹುದುಗಿಸಿ, ಹಿಂದೆ ಹಸಿರು ಹಿನ್ನೆಲೆ ಬರುವಂತೆ ಹೊಂದಿಸಿದರೆ ಹಕ್ಕಿ ತಾನಾಗಿ ಬರುತ್ತದೆ. ಜಪಾನಿನ ಕುಮಾಮೊಟೊ ನಗರದ ಸುಯಿಜೆಂಜಿ ಉದ್ಯಾನದಲ್ಲಿ ಪುಟ್ಟ ಹಸಿರು ಬಕಗಳು ತಾವೇ ಬ್ರೆಡ್ಡಿನ ಚೂರು, ಹುಳು, ಕಡ್ಡಿಗಳನ್ನು ನೀರಿನ ಮೇಲಿಟ್ಟು ಮೀನುಗಳನ್ನು ಕರೆದು ಹಿಡಿಯುವುದಿಲ್ಲವೇ? ಹಕ್ಕಿ ಮಾಡಿದರೆ ಜಾಣತನ, ನಾವು ಮಾಡಿದರೆ ಮೋಸವೇ?’

ಸಮಾಧಾನ: ಉದಾಹರಣೆ ಸತ್ಯ, ನಿಗಮನ ಮಿಥ್ಯ. ಆ ಬಕ ಯಾವುದಕ್ಕೆ ಎರೆಯಿಟ್ಟಿತೋ ಅದನ್ನು ತಿನ್ನುತ್ತದೆ. ಬೋಗುಣಿಪಂಥದವರು ಹಕ್ಕಿಗೆ ಎರೆಯಿಟ್ಟು, ತಿನ್ನುವುದು ಪ್ರೇಕ್ಷಕರ ಮೆಚ್ಚುಗೆಯನ್ನು. ಅಲ್ಲದೆ ಬಕ ತನ್ನ ಬೇಟೆಯ ಕೆಳಗೆ ‘ನಿಸರ್ಗದ ಅಪರೂಪದ ಕ್ಷಣ, ಅದೃಷ್ಟವಶಾತ್ ಸಿಕ್ಕಿದ್ದು’ ಎಂದು ಬರೆಯುವುದಿಲ್ಲ. ಗೂಡಿನ ಮುಂದಿನ ಕೊಂಬೆ ಸವರಿ ಮರಿಗಳನ್ನು ಬಿಸಿಲಿಗೂ ಹದ್ದಿಗೂ ತೆರೆದಿಡುವವರ ವಿಷಯದಲ್ಲಿ ಶಾಸ್ತ್ರವು ಚರ್ಚೆಯನ್ನೇ ಮಾಡುವುದಿಲ್ಲ. ಅರಣ್ಯ ಇಲಾಖೆಗೆ ವರ್ಗಾಯಿಸುತ್ತದೆ.

6. ಶಬ್ದ ವಿಚಾರ

ಆಪ್ತನಾದವನ ಮಾತೇ ಶಬ್ದಪ್ರಮಾಣ. ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ವೇದವ್ಯಾಸರ ಪ್ರಕಾರ ಕೊಳದ ಬಳಿ ಬಕವಾಗಿ ಪ್ರಶ್ನೆ ಕೇಳಿದ ಯಕ್ಷನ ಮುಂದೆ ಅವಸರಪಟ್ಟ ನಾಲ್ವರು ಪಾಂಡವರು ಮುಗ್ಗರಿಸಿ ಬಿದ್ದರು; ನಿಂತು ಮಾತನಾಡಿದವನೊಬ್ಬ ಉಳಿದ. ಕೆರೆಯಂಚಿನಲ್ಲಿ ಬಕದೊಡನೆ ವ್ಯವಹರಿಸಬೇಕಾದ ರೀತಿಗೆ ಇದಕ್ಕಿಂತ ಹಳೆಯ ಮಾರ್ಗಸೂಚಿ ಸಿಗದು.

ಆದರೆ ಇನ್ನೂ ಹತ್ತಿರದ ಆಪ್ತವಾಕ್ಯವೊಂದಿದೆ. ಮಂಡ್ಯ ಸೀಮೆಯ ಕೆರೆಯೊಂದರ ಏರಿಯ ಮೇಲೆ, ಹೆಗಲಿಗೆ ಬಲೆ ಹಾಕಿಕೊಂಡು ಬೀಡಿ ಸೇದುತ್ತ ನಿಂತಿದ್ದ ಮೀನುಗಾರರೊಬ್ಬರು, ಕೆಸರಿನಲ್ಲಿ ಮಲಗಿದ್ದ ಪ್ರಬಂಧಕಾರನನ್ನು ಬಹಳ ಹೊತ್ತು ನೋಡಿ ಕೇಳಿದರು:

‘ಏನ್ ಸಾ, ಬೆಳಿಗ್ಗಿಂದ ಅದ್ನೇ ನೋಡ್ತಾ ಇದ್ದೀರಿ?’

‘ಮೀನು ಹಿಡಿಯೋದನ್ನ ಕಾಯ್ತಾ ಇದ್ದೀನಿ.’

‘ಅದಾಗ್ಲೇ ಮೂರು ತಿಂತಲ್ಲ ಸಾ. ಎರಡು ಜಿಲೇಬಿ, ಒಂದು ಸಣ್ಣ ಕೊರವ. ಕೊರವ ಒಂದಪ ಜಾರ್ತು, ತಿರ್ಗ ಹಿಡ್ಕತು. ನೀವು ನೋಡ್ನಿಲ್ವಾ?’

ಈ ಹೇಳಿಕೆಯಲ್ಲಿ ಸಂಖ್ಯೆಯಿದೆ, ಜಾತಿಯಿದೆ, ಘಟನಾಕ್ರಮವಿದೆ, ಒಂದು ಉಪಕಥೆಯೂ ಇದೆ. ಹೇಳಿದವರ ಬಳಿ ಇದ್ದ ಉಪಕರಣ ಎರಡು ಕಣ್ಣು ಮತ್ತು ಒಂದು ಬೀಡಿ.

ಸಿದ್ಧಾಂತ

ಆರೂ ಪ್ರಮಾಣಗಳನ್ನು ತೂಗಿ ನೋಡಿದ ಮೇಲೆ ನಿರ್ಣಯ ಹೀಗೆ: ಕೊಕ್ಕಿನಲ್ಲಿ ಮೀನಿದ್ದ ಕ್ಷಣವು ಇದೆ, ಅದು ಏರಿಯ ಮೇಲೆ ನಿಂತವರಿಗೆ ಪ್ರತ್ಯಕ್ಷದಿಂದಲೂ, ಕೆಸರಿನಲ್ಲಿ ಮಲಗಿದವರಿಗೆ ಶಬ್ದದಿಂದಲೂ ಸಿದ್ಧ. ಬಕಕ್ಕೆ ಈ ವಿಷಯದಲ್ಲಿ ಪ್ರಮಾಣ ಬೇಕಿಲ್ಲ, ಹೊಟ್ಟೆ ಸಾಕ್ಷಿ. ಮೀನಿಗೆ ಬೇಕಿಲ್ಲ, ಅದೂ ಅಲ್ಲೇ ಇದೆ. ಮೀನುಗಾರರಿಗೆ ಬೇಕಿಲ್ಲ, ಅವರು ನೋಡಿದ್ದಾರೆ. ಪ್ರಮಾಣ ಬೇಕಾಗುವುದು ನೋಡದವನಿಗೆ ಮಾತ್ರ. ಸೆಕೆಂಡಿನ 2000ನೆಯ ಒಂದು ಭಾಗದಷ್ಟು ಕಾಲಕ್ಕೆ ಲಕ್ಷಾಂತರ ರೂಪಾಯಿ ತೆತ್ತು ಸಾಕ್ಷ್ಯ ಕೊಳ್ಳುವವನು, ಹಾಗಾದರೆ, ಆ ಘಟನೆಯ ಸ್ಥಳದಲ್ಲಿದ್ದೂ ಗೈರುಹಾಜರಾಗಿದ್ದ ಒಬ್ಬನೇ ವ್ಯಕ್ತಿ.

ಫಲಶ್ರುತಿ

ಈ ಮೀಮಾಂಸೆಯನ್ನು ಪ್ರಾತಃಕಾಲದಲ್ಲಿ ಪಠಿಸುವವರಿಗೆ ಬ್ಯಾಟರಿ ಬಾಳುವುದು, ಮಧ್ಯಾಹ್ನ ಪಠಿಸುವವರಿಗೆ ಮೋಡ ಕವಿದು ನೆರಳು ಮೃದುವಾಗುವುದು, ಸಂಜೆ ಪಠಿಸುವವರಿಗೆ ಚಿನ್ನದ ಬೆಳಕು ಒದಗುವುದು. ಲೆನ್ಸ್ ಕೊಳ್ಳಬೇಕೆಂದಿರುವವರು ಪತ್ನಿಯ ಅಥವಾ ಪತಿಯ ಸಮ್ಮುಖದಲ್ಲಿ ಪಠಿಸಿದರೆ ಆ ಯೋಚನೆ ಶಮನವಾಗುವುದು. ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ಏರಿಯ ಮೇಲೆ ಸುಮ್ಮನೆ ಕೂರುವವರಿಗೆ ಬಕವು ಮೀನನ್ನು ಹಿಡಿಯುವುದೂ ಹೊರಳಿಸುವುದೂ ನುಂಗುವುದೂ ನೀರು ಕುಡಿಯುವುದೂ ಸಾಂಗವಾಗಿ ಕಾಣುವುದು. ಆದರೆ ಅವರ ಮಾತನ್ನು ಯಾರೂ ನಂಬತಕ್ಕದ್ದಲ್ಲ. ಅವರ ಬಳಿ ಫೋಟೋ ಇರುವುದಿಲ್ಲ.